ಕಾಲು ಊರದೆ

ಟಯರು ಪಂಕ್ಚರ್ ಆಗಬಹುದಿತ್ತು. ಚೈನು ಕಳಚಿಕೊಳ್ಳಬಹುದಿತ್ತು. ಕಾರ್ಬನ್ ಫ್ರೇಮಿನೊಳಗೆ ಕಣ್ಣಿಗೆ ಬೀಳದ ಬಿರುಕೊಂದು ಮೊದಲೇ ಇದ್ದು, ಅರ್ಧ ದಿಬ್ಬ ಹತ್ತುವಾಗ ಸೈಕಲ್ಲು ಹಪ್ಪಳದ ಹಾಗೆ ಎರಡು ತುಂಡಾಗಬಹುದಿತ್ತು. ತಿರುವಿನಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಬರಬಹುದಿತ್ತು. ನಾಯಿಗಳು ಅಟ್ಟಿಸಿಕೊಂಡು ಬರಬಹುದಿತ್ತು. ಬಂದ ನಾಯಿ ಭಾವನನ್ನು ಬಿಟ್ಟು ನನ್ನ ಮೀನಖಂಡಕ್ಕೇ ಬಾಯಿ ಹಾಕಬಹುದಿತ್ತು. ಕುರಿಮಂದೆ ಅಡ್ಡ ನಿಲ್ಲಬಹುದಿತ್ತು. ಮಂಜು ಇಳಿದು, ನೆಟ್ಟಗೆ ಕಾಣುವ ನನ್ನ ಕಣ್ಣಿಗೂ ಏನೂ ಕಾಣದೆ ಹೋಗಬಹುದಿತ್ತು. ಭಾವನಿಗೆ ಎದೆ ಹಿಡಿದುಕೊಳ್ಳಬಹುದಿತ್ತು. ಅದನ್ನು ನೋಡಿ ನನಗೂ ಹಿಡಿದುಕೊಳ್ಳಬಹುದಿತ್ತು. ಆಂಬುಲೆನ್ಸಿಗೆ ಫೋನ್ ಮಾಡೋಣವೆಂದರೆ ಅಲ್ಲಿ ಸಿಗುವುದು ಆಂಧ್ರದ ಟವರ್ ಸಿಗ್ನಲ್ಲು. ಗಾಡಿ ಅತ್ತಲಿಂದ ಹೊರಟು, ಯಾವ ರಾಜ್ಯದ ಪೇಷಂಟು ಅಂತ ಗಡಿಯಲ್ಲಿ ವಿಚಾರಣೆಯಾಗಿ, ಅಷ್ಟರಲ್ಲಿ ನಾವಿಬ್ಬರೂ ತಣ್ಣಗಾಗಿರಬಹುದಿತ್ತು.

ಅಕ್ಕನಿಗೆ ಗೊತ್ತಾಗಬಹುದಿತ್ತು.

ಕೊನೆಯದನ್ನು ಬೇರೆಯಾಗಿ ಬರೆದದ್ದು ಅದರ ಯೋಗ್ಯತೆಗೆ ತಕ್ಕ ಹಾಗೆ.

ಇಂಥ ಪಟ್ಟಿ ಮಾಡುವುದು ನನ್ನ ಕಸುಬು. ಮಾಲೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಒಂದು ಭಾಗ ಎಲ್ಲೆಲ್ಲಿ ಸೋಲಬಹುದು, ಸೋತರೆ ಏನಾಗಬಹುದು ಅಂತ ಊಹಿಸಿ, ಕಾಲಂ ಹಾಕಿ ಬರೆಯುವುದಕ್ಕೆ ನನಗೆ ಇಪ್ಪತ್ತೆರಡು ವರ್ಷದಿಂದ ಸಂಬಳ ಕೊಡುತ್ತಿದ್ದಾರೆ. ಸಂಬಳ ಕೊಡದಿದ್ದರೂ ಮಾಡುತ್ತಿದ್ದೆ ಅನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ಮದುವೆ ಮಂಟಪಕ್ಕೆ ಹೋದರೆ ಊಟದ ಎಲೆಗಿಂತ ಮೊದಲು ನಾನು ಹೊರಗೆ ಹೋಗುವ ಬಾಗಿಲು ಎಲ್ಲಿದೆ ನೋಡುತ್ತೇನೆ. ಲಕ್ಕೂರಿನಲ್ಲಿ ಮೋಡ ಕಂಡರೆ ನಾನು ಮಾಲೂರಿನಲ್ಲಿ ಒಣಗಲು ಹಾಕಿದ ಬಟ್ಟೆ ಎತ್ತಿಡುತ್ತೇನೆ. ಹೀಗಿರುವವನನ್ನು ಭಾವ ಆ ಕೆಲಸಕ್ಕೆ ಯಾಕೆ ಆರಿಸಿಕೊಂಡರು ಅನ್ನುವುದು ಆಗ ನನಗೆ ಅರ್ಥವಾಗಿರಲಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಶ್ರೀನಿವಾಸಪುರದಲ್ಲಿ ಮನೆ. ಸರ್ಕಾರದ ಪಶು ಚಿಕಿತ್ಸಾಲಯದಲ್ಲಿ ಪರೀಕ್ಷಕರಾಗಿದ್ದವರು. ಹಳ್ಳಿಗಳಲ್ಲಿ ಎಲ್ಲರಿಗೂ ದನದ ಡಾಕ್ಟರು. ಮೊದಲ ಹತ್ತು ಹನ್ನೆರಡು ವರ್ಷ ಅವರು ತಿರುಗಾಡಿದ್ದು ಕಬ್ಬಿಣದ ಸೈಕಲ್ಲಿನಲ್ಲಿ, ಹಿಂದಿನ ಕ್ಯಾರಿಯರಿಗೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು. ಗೌನಿಪಲ್ಲಿ ರಸ್ತೆಯಿಂದ ಬಲಕ್ಕೆ ಒಡೆದುಕೊಂಡು ಗುಡ್ಡದ ಮೇಲಿನ ಒಂದು ಹಳ್ಳಿಗೆ ಹೋಗುವ ದಾರಿಯಿದೆ. ಎರಡೂವರೆ ಕಿಲೋಮೀಟರು, ನಾಲ್ಕು ತಿರುವು. ಆಗ ಮಣ್ಣಿನದು, ಈಗ ಟಾರು. ಆದರೆ ಟಾರು ಹಾಕಿದವರು ಮಣ್ಣಿನ ನೆನಪಿಗೆ ಅಲ್ಲಲ್ಲಿ ಹಾಗೇ ಬಿಟ್ಟಿದ್ದಾರೆ. ಆ ಹಳ್ಳಿಯ ಹಸುವಿಗೆ ಕರು ಅಡ್ಡಬಿದ್ದಾಗಲೆಲ್ಲ ಭಾವ ಆ ದಿಬ್ಬ ಹತ್ತಿದ್ದಾರೆ. ಒಂದು ಸಲವೂ ಪೂರ್ತಿ ತುಳಿದುಕೊಂಡು ಹೋಗಿಲ್ಲ. ಮೂರನೇ ತಿರುವಿನಲ್ಲಿ ಇಳಿಯುವುದು, ಮಿಕ್ಕದ್ದು ತಳ್ಳಿಕೊಂಡು ಹೋಗುವುದು. ಮೇಲೆ ಜಗುಲಿಯಲ್ಲಿ ಕೂತ ಹೆಂಗಸರು, "ಅಗೋ, ಡಾಕ್ಟ್ರು ಸೈಕಲ್ಲನ್ನ ನಡೆಸ್ಕೊಂಡು ಬಂದ್ರು" ಅಂತ ನಗುತ್ತಿದ್ದರಂತೆ.

ಆ ನಗು ಅವರ ಮನಸ್ಸಿನಲ್ಲಿ ಎಷ್ಟು ವರ್ಷ ಕೂತಿತ್ತೋ. ರಿಟೈರಾಗುವುದಕ್ಕೆ ಮೂರು ವರ್ಷ ಇದೆ ಅನ್ನುವಾಗ ಒಂದು ದಿನ ಬೆಂಗಳೂರಿಗೆ ಹೋಗಿ ಒಂದು ಕಾರ್ಬನ್ ಸೈಕಲ್ಲು ತಂದರು. ಏರು ಹತ್ತುವುದಕ್ಕೇ ಅಂತ ಮಾಡಿದ್ದು, ಕೆಟ್ಟ ರಸ್ತೆಯನ್ನೂ ತಡೆಯುತ್ತದೆ ಅಂತ ಅಂಗಡಿಯವನು ಹೇಳಿದ್ದನಂತೆ. ಕಡುಹಸಿರು ಬಣ್ಣ. ತೂಕ ಏಳೂವರೆ ಕಿಲೋ. ಭಾವ ಅದನ್ನು ಬಲಗೈಯ ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಿದ್ದರು. ನೋಡಲು ಬಂದವರು ಅದರಲ್ಲಿ ಇಲ್ಲದ್ದನ್ನೇ ಎಣಿಸಿದರು.

"ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಅರ್ಧ ಸೈಕಲ್ ಕೊಟ್ಟು ಕಳ್ಸವ್ರೆ ಸಾರ್ ನಿಮಗೆ" ಅಂದ ಎದುರುಮನೆಯ ವೆಲ್ಡಿಂಗ್ ಅಂಗಡಿಯವನು.

"ಮಿಕ್ಕರ್ಧ ನೀನು ಬೆಲ್ಡಿಂಗ್ ಮಾಡ್ಕೊಡು" ಅಂದರು ಭಾವ.

ನಾನು ನೋಡಲು ಹೋದಾಗ ಕೈಗಡಿಯಾರ ಬಿಚ್ಚಿಟ್ಟು, ಒಂದು ರೂಪಾಯಿ ನಾಣ್ಯದಿಂದ ಫ್ರೇಮನ್ನು ಉದ್ದಕ್ಕೂ ಟಕ್ ಟಕ್ ಅಂತ ತಟ್ಟಿ ಕೇಳಿದೆ. ಕಲ್ಲಂಗಡಿ ಕೊಳ್ಳುವಾಗ ತಟ್ಟುತ್ತಾರಲ್ಲ, ಹಾಗೆ. ಕಬ್ಬಿಣ ಬಗ್ಗುತ್ತದೆ, ಬಗ್ಗಿ ಹೇಳುತ್ತದೆ. ಕಾರ್ಬನ್ ಹೇಳದೆ ಕೇಳದೆ ಮುರಿಯುತ್ತದೆ ಅಂದೆ. ಭಾವ ನನ್ನ ಅಕ್ಕನ ಕಡೆ ತಿರುಗಿ, "ನಿನ್ ತಮ್ಮನಿಗೆ ಕಾಫಿ ಕೊಡು. ಬಿಸಿ ಇರುತ್ತೆ ಅಂತ ಮೊದ್ಲೇ ಹೇಳ್ಬಿಡು" ಅಂದರು.

ಒಂದೂವರೆ ವರ್ಷ ಓಡಿಸಿದರು. ಬೆಳಗ್ಗೆ ಐದೂವರೆಗೆ ಎದ್ದು ಮುಳಬಾಗಿಲಿನ ರಸ್ತೆಯಲ್ಲಿ ಅರ್ಧ ದೂರ ಹೋಗಿ ಬರುವುದು, ಭಾನುವಾರ ಕೋಲಾರ. ದಿಬ್ಬವನ್ನೂ ಹತ್ತಿದರು. ಮೊದಲು ಎರಡನೇ ತಿರುವಿನಲ್ಲಿ ಕಾಲು ಊರಿದರು, ಆಮೇಲೆ ಮೂರನೆಯದರಲ್ಲಿ. ಮೂರನೆಯದು ದಾಟಿದ ದಿನ ನನಗೆ ಫೋನ್ ಮಾಡಿ, "ಇನ್ನೊಂದು ತಿಂಗಳು ಕಣೋ. ಮೇಲಿನ ನೀರಿನ ಟ್ಯಾಂಕ್ ಮುಟ್ಟೋವರೆಗೂ ಕಾಲು ನೆಲಕ್ಕೆ ತಾಗಿಸಲ್ಲ" ಅಂದರು.

ಆ ತಿಂಗಳಲ್ಲೇ ಅವರು ಮನೆಯ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು ಹೆಚ್ಚಾಯಿತು. ಊಟಕ್ಕೆ ಕೂತಾಗ ಎಡಗಡೆಯ ಲೋಟ ಉರುಳುತ್ತಿತ್ತು. ಅಕ್ಕ, ಗಮನ ಎಲ್ಲಿರುತ್ತೆ ನಿಮಗೆ ಅಂತ ಬೈದಳು. ಪಕ್ಕದಿಂದ ಬಂದ ಆಟೋ ಒಂದು ಕೂದಲೆಳೆಯಲ್ಲಿ ತಪ್ಪಿದ ಮೇಲೆ ಕೋಲಾರದ ಕಣ್ಣಿನ ಡಾಕ್ಟರ ಹತ್ತಿರ ಹೋದದ್ದು. ನಾನೂ ಜೊತೆಗಿದ್ದೆ. ಒಂದು ಬಿಳಿ ಬಟ್ಟಲಿನಂಥದ್ದರೊಳಗೆ ಮುಖ ಇಡಿಸಿ, ಅಲ್ಲಲ್ಲಿ ಸಣ್ಣ ದೀಪ ಮಿನುಗಿಸುತ್ತಾರೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಭಾವ ಹೊರಗೆ ಬಂದು ನನ್ನ ಪಕ್ಕ ಕೂತು, "ಬಹಳ ಹೊತ್ತು ದೀಪಾನೇ ಹಾಕ್ಲಿಲ್ಲ ಕಣೋ ಅವ್ರು, ಸುಮ್ನೆ ಕೂತಿದ್ದೆ" ಅಂದರು. ಒಳಗೆ ಕಂಪ್ಯೂಟರಿನಿಂದ ಬಂದ ಹಾಳೆಯಲ್ಲಿ ಸುತ್ತಲೂ ಕಪ್ಪು, ನಡುವೆ ಒಂದು ಚಿಕ್ಕ ಬಿಳಿ. ದೀಪ ಹಾಕಿದ್ದರು.

ಗ್ಲಾಕೋಮಾ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ, ಈ ಹನಿ ಬೆಳಗ್ಗೆ, ಈ ಹನಿ ರಾತ್ರಿ, ಗಾಡಿ ಬೇಡ, ಸೈಕಲ್ಲೂ ಬೇಡ ಅಂದರು ಡಾಕ್ಟರು. ನಾನು ಇಷ್ಟು ವರ್ಷದಲ್ಲಿ ಭಾವನ ಬಗ್ಗೆ ಮಾಡಿದ ಪಟ್ಟಿಗಳಲ್ಲಿ ಬಿ.ಪಿ. ಇತ್ತು, ಶುಗರ್ ಇತ್ತು, ಎತ್ತು ಒದೆಯುವುದಿತ್ತು. ಕಣ್ಣು ಇರಲಿಲ್ಲ.

ಸೈಕಲ್ಲು ಹಜಾರದ ಗೋಡೆಯ ಮೊಳೆ ಏರಿತು. ಎರಡು ವರ್ಷ ಅಲ್ಲೇ ಇತ್ತು. ಭಾವ ಹೋಗುತ್ತಾ ಬರುತ್ತಾ ಅದರ ಚಕ್ರವನ್ನು ಒಂದು ಸುತ್ತು ತಿರುಗಿಸಿ ಬಿಡುತ್ತಿದ್ದರು. ಅದು ಟಿಕಟಿಕ ಅಂತ ಬಹಳ ಹೊತ್ತು ತಿರುಗುತ್ತಿತ್ತು. ನೇರ ಎದುರಿಗೆ ಇರುವುದು ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಪೇಪರ್ ಓದುತ್ತಿದ್ದರು. ಪಕ್ಕದಲ್ಲಿ, ಕೆಳಗೆ ಏನಿದೆ ಅನ್ನುವುದು ಇಲ್ಲ. ಅವರೇ ಹೇಳುವ ಹಾಗೆ ಮನೆಯ ಕಿಟಕಿಗಳೆಲ್ಲ ಮುಚ್ಚಿ, ಬೀಗದ ಕಂಡಿ ಒಂದು ಉಳಿದಿತ್ತು.

ಈ ಸಲ ಮಾರ್ಗಶಿರದ ಕೊನೆಯಲ್ಲಿ ನಾನು ಶ್ರೀನಿವಾಸಪುರಕ್ಕೆ ಹೋಗಿದ್ದೆ. ಅಕ್ಕ ಒಳಗೆ ಅವರೆಕಾಯಿ ಸುಲಿಯುತ್ತಿದ್ದಾಗ ಭಾವ ಮೆತ್ತಗೆ ಹೇಳಿದರು, "ಸೈಕಲ್ ನೀನು ತಗೊಂಡ್ಹೋಗು. ನಾನು ಓಡ್ಸೋದು ಮುಗೀತು."

"ನಾನಾ? ಬಿದ್ದರೆ?"

"ಬಿದ್ರೆ ಎದ್ದೇಳು. ಆದ್ರೆ ಒಂದು ಸಲ ನನ್ನನ್ನ ದಿಬ್ಬಕ್ಕೆ ಕರ್ಕೊಂಡು ಹೋಗು. ಕಾಲು ಊರದೆ ಮೇಲೆ ಮುಟ್ತೀನಿ. ಮುಂದಿನ ವರ್ಷ ಈ ಕಂಡೀನೂ ಇರಲ್ಲ."

ಡಾಕ್ಟರು ಬೇಡ ಅಂದಿದ್ದಾರಲ್ಲ ಅಂದೆ. ಏರಿನಲ್ಲಿ ನಡೆಯುವವನಷ್ಟೇ ವೇಗ ಇರುತ್ತೆ ಅಂದರು. ವಾಹನ ಬಂದರೆ ಅಂದೆ. ಆ ಹಳ್ಳಿಗೆ ಇರುವುದು ಒಂದೇ ಬಸ್ಸು, ಒಂಬತ್ತಕ್ಕೆ, ನಾವು ಏಳಕ್ಕೆ ಹೋಗೋಣ ಅಂದರು. ಗುಂಡಿ ಕಾಣಲ್ಲವಲ್ಲ ಅಂದೆ.

"ಅದಕ್ಕೇ ನೀನು. ಪಕ್ಕದಲ್ಲಿ ಸ್ಕೂಟರಲ್ಲಿ ಬಾ. ಏನೇನಿದೆ ಎಲ್ಲಾ ಹೇಳ್ತಾ ಹೋಗು. ಈ ತಾಲ್ಲೂಕಲ್ಲಿ ನಿನ್ನಷ್ಟು ಚೆನ್ನಾಗಿ ಗುಂಡಿ ಕಾಣೋರು ಇನ್ನ್ಯಾರಿದಾರೆ?"

ಇಂಥ ಮರ್ಯಾದೆ ನನಗೆ ಕಾರ್ಖಾನೆಯಲ್ಲೂ ಸಿಕ್ಕಿರಲಿಲ್ಲ. ಒಪ್ಪಿಕೊಂಡುಬಿಟ್ಟೆ. ಒಪ್ಪಿದ ಮೇಲೆ ಕೂತು, ಮೊದಲು ಹೇಳಿದ ಪಟ್ಟಿ ಬರೆದೆ. ಅಕ್ಕನಿಗೆ, ಬೆಳಗ್ಗೆ ವಾಕಿಂಗ್ ಹೋಗಿ ಬರುತ್ತೇವೆ ಅಂತ ಹೇಳಿದ್ದಾಯಿತು.

ಮರುದಿನ ಬೆಳಗ್ಗೆ ನಾವು ಚಪ್ಪಲಿ ಹುಡುಕುವವರ ಹಾಗೆ ಹಜಾರದಲ್ಲಿ ಸುಳಿದಾಡುತ್ತಿರುವಾಗ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಗೋಡೆಯ ಮೇಲೆ ಸೈಕಲ್ಲು ಇರಲಿಲ್ಲ. ಹಿಂದಿನ ಸಂಜೆಯೇ ಹಿತ್ತಲಿಗೆ ಹೋಗಿತ್ತು.

"ವಾಕಿಂಗಿಗೆ ಹೋಗೋರು ಹೆಲ್ಮೆಟ್ ಹಾಕ್ಕೊಳ್ರಿ ಇಬ್ರೂ" ಅಂದಳು. ಆಮೇಲೆ ಗಂಡನ ಕಡೆ ನೋಡದೆ ನನಗೆ, "ಬಾಯಿ ಮುಚ್ಚಬೇಡ ಕಣೋ. ಉದ್ದಕ್ಕೂ ಹೇಳ್ತಾ ಇರು" ಅಂದು ಒಳಗೆ ಹೋದಳು. ಜೀವನದಲ್ಲಿ ಮೊದಲ ಸಲ ಅವಳು ನನಗೆ ಬಾಯಿ ಮುಚ್ಚಬೇಡ ಅಂದದ್ದು.

ದಿಬ್ಬದ ಬುಡದವರೆಗೆ ಭಾವ ನನ್ನ ಸ್ಕೂಟರಿನ ಹಿಂದೆ ಕೂತು, ಮುಂದಿನ ಚಕ್ರ ಬಿಚ್ಚಿದ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು, ಬಿಚ್ಚಿದ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ರಸ್ತೆಯ ಎರಡೂ ಕಡೆ ಮಾವಿನ ತೋಪುಗಳು ಹೂವಿಗೆ ಬರುವುದರಲ್ಲಿದ್ದವು. ಟೀ ಅಂಗಡಿಯ ಮುಂದೆ ಒಬ್ಬ ಕೂಗಿದ: "ಡಾಕ್ಟ್ರೇ, ಅದು ನಿಮ್ಮನ್ನ ಹೊರಬೇಕಾ, ನೀವು ಅದನ್ನ ಹೊರಬೇಕಾ?"

"ಸರದಿ ಕಣಯ್ಯಾ, ಸರದಿ" ಅಂತ ಭಾವ ಕೂಗಿದರು. ಖುಷಿಯಾಗಿದ್ದರು. ಅವರು ಖುಷಿಯಾಗಿದ್ದದ್ದೇ ನನಗೆ ಭಯ.

ಬುಡದಲ್ಲಿ ಚಕ್ರ ಜೋಡಿಸಿ, ಟಯರು ಒತ್ತಿ ನೋಡಿ, ಬ್ರೇಕ್ ಹಿಡಿದು ನೋಡಿದೆ. ಭಾವನ ಬೂಟಿನ ತಳದಲ್ಲಿ ಲೋಹದ ಕೊಕ್ಕೆಯಿದೆ. ಪೆಡಲಿನ ಮೇಲೆ ಇಟ್ಟು ಒತ್ತಿದರೆ ಕಟಕ್ ಅಂತ ಕಚ್ಚಿಕೊಳ್ಳುತ್ತದೆ. ಎಡಗಾಲು ಕಟಕ್, ನಾನು ಸೀಟು ಹಿಡಿದುಕೊಂಡೆ, ಬಲಗಾಲು ಕಟಕ್. ಹೊರಟರು. ನಾನು ಓಡಿಹೋಗಿ ಸ್ಕೂಟರು ಹತ್ತಿ ಅವರ ಎಡಕ್ಕೆ ಸೇರಿಕೊಂಡೆ.

ಮೊದಲ ತಿರುವಿಗಿಂತ ಮೊದಲೇ ರಸ್ತೆಯ ಅಡ್ಡಕ್ಕೂ ಹುರುಳಿ ಹರಡಿತ್ತು. ನಮ್ಮ ಕಡೆ ಬೆಳೆ ಬಂದ ಮೇಲೆ ಟಾರು ರಸ್ತೆಯೇ ಕಣ. ಗಿಡ ಕಿತ್ತು ತಂದು ಹರಡುತ್ತಾರೆ, ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಅಂಚಿನಲ್ಲಿ ಒಬ್ಬ ಅಜ್ಜಿ ಕವೆಗೋಲು ಹಿಡಿದು ಕೂತಿದ್ದಳು. ಹುರುಳಿ ಗಿಡದ ಮೇಲೆ ಸೈಕಲ್ಲು ಜಾರದೆ ಇರುವುದಿಲ್ಲ.

"ಭಾವ, ಹುರುಳಿ! ಪೂರ್ತಿ ಅಡ್ಡಕ್ಕೆ! ಇಪ್ಪತ್ತು ಹೆಜ್ಜೆ ಉದ್ದ!"

"ಪಕ್ಕದಲ್ಲಿ ಜಾಗ?"

"ಇಲ್ಲ!"

"ಸರಿ" ಅಂದು ನೇರಕ್ಕೆ ನುಗ್ಗಿದರು. ಹಿಂದಿನ ಚಕ್ರ ಒಮ್ಮೆ ಸರ್ರನೆ ಪಕ್ಕಕ್ಕೆ ಹೋಯಿತು, ಮತ್ತೆ ಹಿಡಿಯಿತು. ಒಣಗಿದ ಕಾಯಿಗಳು ಚಟಚಟ ಅನ್ನುತ್ತಿದ್ದವು. ಅಜ್ಜಿ ಎದ್ದು ನಿಂತು ಕೈಯನ್ನು ಹುಬ್ಬಿಗೆ ಇಟ್ಟುಕೊಂಡಳು.

"ಏಮಯ್ಯಾ ಡಾಕ್ಟ್ರೂ, ನೀನೇನಾ? ತೂಕಾನೇ ಇಲ್ವಲ್ಲಯ್ಯಾ ನಿನ್ ಬಂಡೀಗೆ! ಒಂದು ಕಾಳೂ ಉದುರ್ಲಿಲ್ಲ!" ಆಮೇಲೆ ನನ್ನ ಕಡೆ ಕೋಲು ತೋರಿಸಿ, "ಆ ಸ್ಕೂಟರಪ್ಪ ವಾಸಿ, ಎರಡು ಸಲ ಓಡಾಡು ಬಾ ನಾಯನಾ" ಅಂದಳು.

ಭಾವ ನಗುತ್ತಾ ತುಳಿದರು. ಅವರ ಕಾಲು ನೆಲಕ್ಕೆ ತಾಗಲಿಲ್ಲ.

ಮೊದಲ ತಿರುವು, ಎರಡನೆಯದು. ನಾನು ಹೇಳುತ್ತಲೇ ಇದ್ದೆ. ಎಡಕ್ಕೆ ಗುಂಡಿ. ಬಲಕ್ಕೆ ಜಲ್ಲಿ. ಮುಂದೆ ಹಂಪು, ಬಣ್ಣ ಇಲ್ಲದ್ದು. ಮೇಕೆ, ಮೂರು, ಹೋದವು. ಇಲ್ಲಿ ಟಾರು ಕಿತ್ತಿದೆ, ಮುಂದೆಯೂ ಕಿತ್ತಿರಬಹುದು, ಆ ಮರದ ಬೇರು ರಸ್ತೆಯನ್ನು ಎತ್ತುವ ಹಾಗೆ ಕಾಣುತ್ತದೆ.

"ಲೇ," ಅಂದರು ಭಾವ ಏದುಸಿರಿನ ನಡುವೆ, "ಇರೋ ಗುಂಡಿ ಹೇಳು. ಮುಂದೆ ಆಗಬಹುದಾದ ಗುಂಡಿ ಹೇಳ್ಬೇಡ."

ಹಾಗೇ ಮಾಡಿದೆ. ನಿಜಕ್ಕೂ ಇರುವುದನ್ನು ಮಾತ್ರ ಹೇಳಬೇಕು ಅಂದಾಗ ಹೇಳುವುದು ಎಷ್ಟು ಕಡಿಮೆ ಅನ್ನುವುದು ನನಗೆ ಆಗ ಗೊತ್ತಾಯಿತು. ನಡುನಡುವೆ ನಾನು ಸುಮ್ಮನಿರುತ್ತಿದ್ದೆ. ಅವರ ಉಸಿರು ಕೇಳುತ್ತಿತ್ತು. ಕೋಲು ಮುಖ ಮುಂದಕ್ಕೆ ಚಾಚಿ, ಉಳಿದಿದ್ದ ಆ ಕಂಡಿಯಲ್ಲಿ ರಸ್ತೆಯನ್ನು ಹಿಡಿದುಕೊಂಡು, ಬೆನ್ನು ಬಗ್ಗಿಸಿ ತುಳಿಯುತ್ತಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾನು ಏನೂ ತುಳಿಯದೆಯೇ ಅಷ್ಟೇ ಬೆವೆತಿದ್ದೆ. ಸ್ಕೂಟರು ಅಷ್ಟು ನಿಧಾನಕ್ಕೆ ಹೋಗಲು ಒಪ್ಪದೆ ಓಲಾಡುತ್ತಿತ್ತು. ನಾಲ್ಕು ಸಲ ಕಾಲು ಊರಿದವನು ನಾನು.

ಮೂರನೇ ತಿರುವು ಬಂತು. ಕಬ್ಬಿಣದ ಸೈಕಲ್ಲಿನಿಂದ ಅವರು ಇಳಿಯುತ್ತಿದ್ದ ಜಾಗ. ಸೀಟಿನಿಂದ ಎದ್ದು ನಿಂತು ತುಳಿದರು. ಸೈಕಲ್ಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ನಾನು ಏನೂ ಹೇಳಲಿಲ್ಲ, ಹೇಳಲು ಏನೂ ಇರಲಿಲ್ಲ. ದಾಟಿದರು. ಗುಡ್ಡದ ನೆತ್ತಿಯಲ್ಲಿ ನೀರಿನ ಟ್ಯಾಂಕು ಕಾಣಿಸಿತು.

"ಟ್ಯಾಂಕ್ ಕಾಣ್ತಿದೆ ಭಾವ."

"ನನಗೂ" ಅಂದರು.

ಅಕ್ಕನಿಗೆ ಗೊತ್ತಾದದ್ದು ಬಿಟ್ಟರೆ ಪಟ್ಟಿಯಲ್ಲಿದ್ದದ್ದು ಒಂದೂ ಆಗಿರಲಿಲ್ಲ. ನಾಲ್ಕನೇ ತಿರುವು ಮುಗಿಯಿತು. ಇನ್ನು ನೇರ ರಸ್ತೆ, ಅರವತ್ತು ಎಪ್ಪತ್ತು ಹೆಜ್ಜೆ. ರಸ್ತೆ ಇಲ್ಲಿ ನುಣ್ಣಗಿತ್ತು. ಭಾವನ ತೊಡೆ ನಡುಗುತ್ತಿತ್ತು, ಆದರೂ ಪೆಡಲು ಒಂದೇ ಹದದಲ್ಲಿ ತಿರುಗುತ್ತಿತ್ತು. ನಾನು ಸ್ಕೂಟರಿನ ಮೇಲೆ ಕೂತು, ಇಷ್ಟು ಹೊತ್ತಿನಲ್ಲಿ ಮೊದಲ ಸಲ, ಸುತ್ತ ನೋಡಿದೆ. ಮತ್ತೆ ರಸ್ತೆ ನೋಡಿದೆ.

ರಸ್ತೆಯ ನಡುವೆ ಒಡೆದ ಬೂದುಗುಂಬಳಕಾಯಿ ಬಿದ್ದಿತ್ತು. ಹಿಂದಿನ ದಿನ ಅಮಾವಾಸ್ಯೆ. ಯಾರೋ ಟ್ರ್ಯಾಕ್ಟರಿಗೆ ದೃಷ್ಟಿ ತೆಗೆದು ಒಡೆದಿದ್ದರು. ಬಿಳಿ ತಿರುಳಿನ ಮೇಲೆ ಕುಂಕುಮದ ನೀರು ಹರಡಿ, ಪಕ್ಕದಲ್ಲಿ ಕರ್ಪೂರ ಸುಟ್ಟ ಕಪ್ಪು. ಅಷ್ಟೇ. ಭಾವನ ಚಕ್ರ ಅದರ ಎರಡು ಹೋಳುಗಳ ನಡುವೆ ನೇರವಾಗಿ ಹೋಗುವುದಿತ್ತು. ತಾಗುತ್ತಲೂ ಇರಲಿಲ್ಲ. ಅವರಿಗೆ ಅದು ಕಾಣುತ್ತಲೂ ಇರಲಿಲ್ಲ. ದೃಷ್ಟಿ ಟ್ಯಾಂಕಿನ ಮೇಲಿತ್ತು.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದಾಗ ನಿಂಬೆಹಣ್ಣು ಇಡುವವರನ್ನು ಆಡಿಕೊಂಡಿದ್ದೇನೆ. ಆದರೆ ನನಗೆ ಐದೋ ಆರೋ ವರ್ಷವಿದ್ದಾಗ, ದೃಷ್ಟಿ ತೆಗೆದು ಹಾಕಿದ್ದನ್ನು ದಾಟಲು ಹೋದ ನನ್ನ ರೆಟ್ಟೆ ಹಿಡಿದು ಅಮ್ಮ ಎಳೆದ ಎಳೆತ ಇನ್ನೂ ನನ್ನ ತೋಳಿನಲ್ಲೇ ಇರಬೇಕು. ಯೋಚನೆ ಬರುವ ಮೊದಲು ಬಾಯಿ ತೆರೆದಿತ್ತು.

"ಭಾವ, ನಿಲ್ಸಿ! ನಿಲ್ಸಿ! ದಾಟ್ಬೇಡಿ!"

ಅವರು ಯಾಕೆ ಅಂತ ಕೇಳಲಿಲ್ಲ. ಆ ಬೆಳಗ್ಗೆ ಪೂರ್ತಿ ನನ್ನ ಮಾತನ್ನು ಕೇಳಿದ ಹಾಗೆಯೇ ಇದನ್ನೂ ಕೇಳಿದರು. ಬ್ರೇಕ್ ಹಿಡಿದರು. ಬೂಟು ಕಟಕ್ ಅಂತ ಪೆಡಲಿನಿಂದ ಬಿಟ್ಟುಕೊಂಡಿತು. ಎಡಗಾಲು ನೆಲಕ್ಕೆ ಬಂತು. ಕೊಕ್ಕೆ ಟಾರಿಗೆ ತಾಗಿದ ಸಣ್ಣ ಸದ್ದು.

"ಏನೋ? ಏನದು?"

ಅವರು ತಲೆ ಬಗ್ಗಿಸಿ, ಅತ್ತಿತ್ತ ತಿರುಗಿಸಿ, ಟಾರ್ಚಿನ ಬೆಳಕು ಬಿಟ್ಟು ಹುಡುಕುವವರ ಹಾಗೆ ರಸ್ತೆಯ ಮೇಲೆ ಹುಡುಕಿದರು. ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿತು.

"ಕುಂಬಳಕಾಯಾ?"

"ಹೂಂ."

ಅವರು ನನ್ನ ಕಡೆ ಮುಖ ತಿರುಗಿಸಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಆಗುತ್ತಿತ್ತು.

"ದಾಟಿದ್ರೆ ಏನಾಗ್ತಿತ್ತೋ?" ಅಂದರು. "ಕಣ್ಣು ಹೋಗ್ತಿತ್ತಾ?"

ಅವರೇ ನಕ್ಕರು. ಉಸಿರು ಸಾಲದೆ ಆ ನಗು ಕೆಮ್ಮಾಯಿತು. ನಾನು, ಮತ್ತೆ ಬುಡಕ್ಕೆ ಹೋಗೋಣ, ಮೊದಲಿಂದ ಹತ್ತೋಣ, ಇವತ್ತು ಬೇಡ ನಾಳೆ ಬರೋಣ, ಹುರುಳಿ ಎತ್ತಿರುತ್ತಾರೆ ಅಂತ ಏನೇನೋ ಒದರಿದೆ. ಅವರು ಕೈ ಅಡ್ಡ ಆಡಿಸಿದರು.

"ಇಲ್ಲ ಬಿಡು. ಮಂಡಿ ಮುಗೀತು."

ಸೈಕಲ್ಲನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು, ಕುಂಬಳಕಾಯಿಯನ್ನು ಒಂದೇ ಹೆಜ್ಜೆಯಲ್ಲಿ ದಾಟಿ, ಬೂಟಿನ ಕೊಕ್ಕೆ ಟಕ್ ಟಕ್ ಅನ್ನಿಸುತ್ತಾ ಟ್ಯಾಂಕಿನ ಕಡೆ ನಡೆದುಕೊಂಡು ಹೋದರು. ನಾನು ಸ್ಕೂಟರನ್ನು ರಸ್ತೆಯಿಂದ ಕೆಳಕ್ಕೆ ಇಳಿಸಿ, ಆ ಹೋಳುಗಳನ್ನು ಸುತ್ತು ಹಾಕಿಕೊಂಡು, ಅವರ ಹಿಂದೆ ಹೋದೆ.